ದೊಡ್ಡ ಸಂಖ್ಯೆಯನ್ನು ಒಡೆಯುವುದು ಹೇಗೆ?

ದೊಡ್ಡ ಸಂಖ್ಯೆಯೊಂದನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಿರಿ ಅಂದರೆ ಎಲ್ಲರೂ ಚೆನ್ನಾಗಿಯೇ ಶುರು ಮಾಡುತ್ತಾರೆ. ಎಡವುವುದು ಕೊನೆಯಲ್ಲಿ. 1,12,04,424 ತೆಗೆದುಕೊಂಡು ನೋಡೋಣ.

ಹಂತ 1: ಸಣ್ಣವನ್ನು ಮೊದಲು ಮುಗಿಸಿ. 2ರಿಂದ ಮೂರು ಸಲ ಭಾಗಿಸಿದರೆ 14,00,553. ಇದರ ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಭಾಗವಾಗುತ್ತದೆ, ಉಳಿಯುವುದು 1,55,617. ಕೊನೆಯ ಅಂಕಿ 7, ಆದ್ದರಿಂದ 5 ಬೇಡ.

ಹಂತ 2: 7 ಮತ್ತು 11. ಏಳಕ್ಕೂ ಒಂದು ಸೂತ್ರ ಇದೆ, ಆದರೆ ಅದನ್ನು ನೆನಪಿಟ್ಟುಕೊಳ್ಳುವ ಬದಲು ಸುಮ್ನೆ ಭಾಗಿಸಿಬಿಡಿ, ಅದೇ ಬೇಗ. 22,231 ಬರುತ್ತದೆ. ಹನ್ನೊಂದರ ಸೂತ್ರ ಮಾತ್ರ ಕಲಿಯಲೇಬೇಕು: ಅಂಕಿಗಳನ್ನು ಒಂದು ಬಿಟ್ಟು ಒಂದು ಕಳೆದು ಕೂಡಿಸಿ. 2-2+2-3+1, ಅಂದರೆ ಸೊನ್ನೆ. ಭಾಗವಾಗುತ್ತದೆ. ಉಳಿದದ್ದು 2021.

ಹಂತ 3: ಜಾಸ್ತಿ ಜನ ತಪ್ಪುವುದು ಇಲ್ಲೇ. 13, 17, 19 ಅಂತ ಭಾಗಿಸಿ ನೋಡುತ್ತಾರೆ, ಆಗುವುದಿಲ್ಲ. 23, 29, 31 ಕೂಡ ಆಗುವುದಿಲ್ಲ. ಸಾಕಾಗಿ 'ಇದು ಅವಿಭಾಜ್ಯವೇ' ಎಂದು ಬರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ವರ್ಗಮೂಲ ಹೇಳುತ್ತದೆ, ನಮ್ಮ ಬೇಸರ ಅಲ್ಲ. 45ರ ವರ್ಗ 2025. 2021 ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಎರಡೂ 45 ಅಥವಾ ಅದಕ್ಕಿಂತ ಜಾಸ್ತಿ ಇರಲು ಸಾಧ್ಯವಿಲ್ಲ ಅಲ್ವಾ? ಒಂದಾದರೂ 45ರ ಒಳಗಿರಬೇಕು. ಹಾಗಾಗಿ 43ರವರೆಗೂ ಹೋಗಲೇಬೇಕು. 37ಕ್ಕೆ ಶೇಷ 23, 41ಕ್ಕೆ ಶೇಷ 12. 43ಕ್ಕೆ ಶೇಷ ಸೊನ್ನೆ! 2021 ಅಂದರೆ 43×47.

ಇದಕ್ಕೆ ಉಲ್ಟಾ ತಪ್ಪೂ ಇದೆ. ಕೆಲವರು ಮೊದಲಿನ ಸಂಖ್ಯೆಯ ವರ್ಗಮೂಲವನ್ನೇ ಹಿಡಿದುಕೊಂಡು 3347ರವರೆಗೆ ಹೊರಡುತ್ತಾರೆ. ಒಂದೊಂದು ಸಲ ಭಾಗಿಸಿದಾಗಲೂ ಮಿತಿ ಇಳಿಯುತ್ತದೆ. ಉಳಿದ ಸಂಖ್ಯೆಯ ವರ್ಗಮೂಲ ಮಾತ್ರ ನೋಡಿ.

ಒಂದು ಅಡ್ಡದಾರಿಯೂ ಇದೆ, ನನಗೆ ತುಂಬಾ ಇಷ್ಟವಾದದ್ದು. 2025ರಿಂದ 2021 ಕಳೆದರೆ 4, ಅದು 2ರ ವರ್ಗ. ಹಾಗಾಗಿ (45-2)×(45+2). ಇದು ಫ್ರಾನ್ಸಿನ ಗಣಿತಜ್ಞ ಫರ್ಮಾ ತೋರಿಸಿಕೊಟ್ಟ ದಾರಿ. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಒಂದೇ ಏಟಿಗೆ ಸಿಗುತ್ತವೆ. ದೂರ ಇದ್ದರೆ ಇದನ್ನು ನೆಚ್ಚಿಕೊಳ್ಳಬೇಡಿ.

ಹಂತ 4: ಭಾಜಕಗಳ ಎಣಿಕೆ. ನಮ್ಮ ಸಂಖ್ಯೆ 2³×3²×7×11×43×47. ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿ: 4×3×2×2×2×2, ಅಂದರೆ 192. ಒಂದು ಸೇರಿಸುವುದನ್ನು ಮರೆತರೆ 6 ಬರುತ್ತದೆ, ಅಷ್ಟರಲ್ಲೇ ತಪ್ಪು ಗೊತ್ತಾಗಬೇಕು.

ಸಂಖ್ಯೆ 15 ಅಂಕಿ ದಾಟಿದರೆ ಎಕ್ಸೆಲ್ ಬಳಸಲೇಬೇಡಿ. ಹದಿನಾರನೇ ಅಂಕಿಯಿಂದ ಮುಂದೆ ಅದು ಸದ್ದಿಲ್ಲದೆ ಸೊನ್ನೆ ತುಂಬುತ್ತದೆ, ನೀವು ಬೇರೆಯೇ ಸಂಖ್ಯೆಯನ್ನು ಒಡೆಯುತ್ತಾ ಕೂರುತ್ತೀರಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಪೂರ್ಣಾಂಕಗಳನ್ನು ಎಷ್ಟು ಉದ್ದವಿದ್ದರೂ ಹಾಗೇ ಇಟ್ಟುಕೊಳ್ಳುತ್ತದೆ. ಅದರಲ್ಲಿ ಭಾಗಿಸುವಾಗ ಮಾತ್ರ ಒಂದು ಓರೆಗೆರೆ (/) ಸಾಲದು, ಎರಡು (//) ಹಾಕಿ. ಒಂದೇ ಹಾಕಿದರೆ ಉತ್ತರ ದಶಮಾಂಶಕ್ಕೆ ತಿರುಗಿ ಕೊನೆಯ ಅಂಕಿಗಳು ಕೆಡುತ್ತವೆ.