ಬೆಂಚಿಗೆ ವಯಸ್ಸಾದ ಸೀನಿಯರ್ ಪ್ಲೇಯರ್ ತಗೊಳ್ಳೋದು ಹೇಗೆ
ಎನ್‌ಬಿಎ (ಅಮೆರಿಕಾದ ಬಾಸ್ಕೆಟ್‌ಬಾಲ್ ಲೀಗ್) ಟೀಮಲ್ಲಿ ಇರೋದೇ 15 ಸ್ಟ್ಯಾಂಡರ್ಡ್ ಜಾಗ, ಅದ್ರಲ್ಲಿ ಒಂದನ್ನ ಸೀನಿಯರ್‌ಗೆ ಕೊಡೋ ಮುಂಚೆ ಹೆಸರು ನೋಡ್ಬೇಡಿ, ಹೋದ ಸೀಸನ್ ವಿಡಿಯೋ ನೋಡಿ. ಶಾಟ್ ಚಿಂತೆ ಬಿಡಿ, ಅದು ವಯಸ್ಸಾದ್ರೂ ಉಳಿಯುತ್ತೆ, ಡಿಫೆನ್ಸಲ್ಲಿ ಪಿಕ್ ಆಂಡ್ ರೋಲ್ (ಒಬ್ಬ ಅಡ್ಡ ನಿಂತು ಬಾಲ್ ಇರೋನಿಗೆ ದಾರಿ ಮಾಡಿಕೊಟ್ಟು, ಆಮೇಲೆ ತಾನೂ ಬಾಸ್ಕೆಟ್ ಕಡೆ ಓಡೋ ಆಟ) ಬಂದಾಗ ಪಕ್ಕಕ್ಕೆ ಎರಡು ಹೆಜ್ಜೆ ಸರಿಯೋಕೆ ಕಾಲು ಬರುತ್ತಾ ನೋಡಿ, ಬರಲ್ಲ ಅಂದ್ರೆ ಎದುರಾಳಿಗಳು ಪ್ರತಿ ಸಲ ಅವ್ರನ್ನೇ ಹುಡುಕ್ಕೊಂಡು ಬಂದು ಸ್ಕೋರ್ ಮಾಡ್ತಾರೆ. ಕಾಂಟ್ರಾಕ್ಟ್ ಒಂದೇ ವರ್ಷ, ಮಿನಿಮಮ್ ಸಂಬಳ. ಹಾಗಾದ್ರೆ ಸ್ವಲ್ಪ ಭಾಗ ಲೀಗೇ ಕೊಡುತ್ತೆ. ಬೇರೆ ಟೀಮ್ ಅವ್ರನ್ನ ಮಾರ್ಚ್ 1 ದಾಟಿದ್ಮೇಲೆ ಬಿಟ್ಟಿದ್ರೆ ನಿಮ್ಮ ಟೀಮಲ್ಲಿ ಆ ಸೀಸನ್ ಪ್ಲೇಆಫ್ ಆಡಂಗಿಲ್ಲ, ಡೇಟ್ ನೋಡ್ಕೊಳ್ಳಿ. ಕೆಲವು ಮ್ಯಾಚಲ್ಲಿ ಒಂದು ನಿಮಿಷಾನೂ ಸಿಗಲ್ಲ ಅಂತ ಕೋಚ್ ಮೊದಲೇ ಮುಖಕ್ಕೆ ಹೇಳ್ಬಿಡ್ಲಿ (ಉಡೋನಿಸ್ ಹಾಸ್ಲೆಮ್ 2023ರವರೆಗೂ ಮಯಾಮಿಲಿ ಹಾಗೇ ಇದ್ರಲ್ಲ). ಬ್ಯಾಕ್ ಟು ಬ್ಯಾಕ್ (ಸತತ ಎರಡು ದಿನ ಮ್ಯಾಚ್) ಇದ್ರೆ ಎರಡನೇ ದಿನ ರೆಸ್ಟ್ ಕೊಡಿ.