ಮುಧೋಳ ನಾಯಿಯ ಮೈ ಆರೈಕೆ: ಬಾಚಣಿಗೆಗಿಂತ ಮೊದಲು ಕೈ

"ಇದಕ್ಕೇನ್ರೀ ಆರೈಕೆ? ಮೈಮ್ಯಾಲ ಕೂದಲೇ ಇಲ್ಲ!" ನಮ್ಮ ಚಂಪಿಯನ್ನು ನೋಡಿದವರು ಹೀಗೆ ಕೇಳುತ್ತಾರೆ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಯಿದ್ದಾಗ ತಂದ ಮುಧೋಳ ನಾಯಿ ಅವಳು. ಕೂದಲು ಗಿಡ್ಡ, ನಿಜ. ಆದರೆ ಮೊಲದ ಬೆನ್ನಟ್ಟಿ ಓಡುವ ಈ ತಳಿಯ ಚರ್ಮ ತೆಳು, ಅದರಡಿ ಕೊಬ್ಬೂ ಕಡಿಮೆ. ಮುಳ್ಳು, ಬಿಸಿಲು, ಚಳಿ ಎಲ್ಲವೂ ನೇರ ಚರ್ಮಕ್ಕೇ ತಾಗುತ್ತವೆ. ಆದ್ದರಿಂದ ಇಂಥ ನಾಯಿಗೆ ಬಾಚುವುದಕ್ಕಿಂತ ಮೈ ತಡವಿ ನೋಡುವುದೇ ಮುಖ್ಯ ಕೆಲಸ.

ಸಂಜೆ ಹೊಲದ ಕಡೆ ತಿರುಗಾಡಿಸಿಕೊಂಡು ಬಂದ ಮೇಲೆ ಬೆಳಕಿರುವ ಕಡೆ ನಿಲ್ಲಿಸಿಕೊಳ್ಳಿ. ಬೆರಳ ತುದಿಯಿಂದ ತಲೆಯಿಂದ ಬಾಲದವರೆಗೆ, ಕೂದಲಿಗೆ ಎದುರಾಗಿ ತಡವಿ. ಕಾಳಿನಂಥ ಗಂಟು ಸಿಕ್ಕರೆ ಅದು ರಕ್ತ ಹೀರುವ ಉಣ್ಣೆ ಹುಳ ಇರಬಹುದು, ಕೂದಲು ಸರಿಸಿ ನೋಡಿ. ಉಣ್ಣೆ ಅಡಗುವ ಜಾಗಗಳು ಗೊತ್ತಿರಲಿ: ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಕೆಳಗೆ, ಕಂಕುಳು, ಬಾಲದ ಬುಡ, ಕಾಲ್ಬೆರಳ ಸಂದಿ. ಸಣ್ಣ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ, ಅದರ ಬಾಯಿಯ ಬಳಿ ಹಿಡಿದು, ತಿರುಚದೆ ನೇರವಾಗಿ ನಿಧಾನಕ್ಕೆ ಎಳೆಯಿರಿ. ಕಿತ್ತಿದ್ದನ್ನು ಸ್ಪಿರಿಟ್ಟಿನಲ್ಲಿ ಹಾಕಿ. ಉಗುರಿನಲ್ಲಿ ಚಿವುಟಿ ಕೊಲ್ಲಬೇಡಿ. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ನಮ್ಮ ಕಡೆ ಇನ್ನೂ ನಡೆದಿದೆ, ದಯವಿಟ್ಟು ಬೇಡ. ಚರ್ಮ ಸುಡುತ್ತದೆ, ಉಣ್ಣೆಯ ಜೊಲ್ಲು ಗಾಯದೊಳಗೆ ಇನ್ನಷ್ಟು ಇಳಿಯುತ್ತದೆ. ಆಮೇಲಿನ ದಿನಗಳಲ್ಲಿ ನಾಯಿ ಊಟ ಬಿಟ್ಟರೆ, ಮಂಕಾದರೆ, ವಸಡು ಬಿಳಿಚಿದರೆ ಉಣ್ಣೆ ಜ್ವರ ಇರಬಹುದು. ಕಾಯದೆ ರಕ್ತ ಪರೀಕ್ಷೆ ಮಾಡಿಸಿ.

ಪಾದಕ್ಕೂ ಅಷ್ಟೇ ಗಮನ ಬೇಕು. ಮಳೆಗಾಲದಲ್ಲಿ ಎರೆಮಣ್ಣು ಬೆರಳ ಸಂದಿಗೆ ಮೆತ್ತಿ, ಒಣಗಿ ಕಲ್ಲಾಗುತ್ತದೆ. ನಡೆದಾಗಲೆಲ್ಲ ಚರ್ಮಕ್ಕೆ ಉಜ್ಜುತ್ತದೆ. ಅದನ್ನು ಕೀಳಲು ಹೋಗದೆ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ಅದ್ದಿ, ನೆನೆದ ಮೇಲೆ ತೊಳೆದು, ಸಂದಿಯವರೆಗೆ ಒರೆಸಿ. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ನೆಗ್ಗಿಲ ಮುಳ್ಳು ಸಿಗುತ್ತದೆ.

ಇನ್ನು ಕೂದಲು. ಗಿಡ್ಡ ಕೂದಲು ವರ್ಷವಿಡೀ ಉದುರುತ್ತದೆ, ಚಾದರಕ್ಕೆ ಸೂಜಿಯಂತೆ ಚುಚ್ಚಿಕೊಂಡು ಕೂರುತ್ತದೆ. ತಂತಿಹಲ್ಲಿನ ಬ್ರಷ್ ಈ ಚರ್ಮಕ್ಕೆ ಒರಟು. ಮೊಂಡು ಹಲ್ಲಿನ ರಬ್ಬರ್ ಬ್ರಷ್ ತಂದು ವಾರಕ್ಕೆರಡು ಸಲ ಸಣ್ಣ ವೃತ್ತಗಳಲ್ಲಿ ಹಗುರಾಗಿ ಆಡಿಸಿ. ಪಕ್ಕೆ ಮತ್ತು ಸೊಂಟದ ಮೂಳೆ ಎದ್ದು ಕಾಣುವ ಕಡೆ ಒತ್ತಬೇಡಿ. ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಮೈ ಮಿರುಗುತ್ತದೆ.

ಸ್ನಾನ ತಿಂಗಳಿಗೊಮ್ಮೆ ಸಾಕು. ನಾವು ಹಚ್ಚಿಕೊಳ್ಳುವ ಶಾಂಪೂ, ಬಟ್ಟೆ ಸಾಬೂನು ಬೇಡ, ನಾಯಿಯ ಚರ್ಮದ ಗುಣವೇ ಬೇರೆ. ಬಿಸಿಲೇರಿದ ಮೇಲೆ ಸ್ನಾನ ಮಾಡಿಸಿ, ಕೂಡಲೇ ಟವೆಲಿನಿಂದ ಒರೆಸಿ. ಧಾರವಾಡದ ಚಳಿಗಾಲದ ಗಾಳಿಗೆ ಒದ್ದೆ ಮೈಯಲ್ಲಿ ನಿಂತರೆ ಮುಧೋಳ ನಾಯಿ ಗಡಗಡ ನಡುಗುತ್ತದೆ. ಕಿವಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಕಾಣುವಷ್ಟು ಭಾಗವನ್ನು ಮಾತ್ರ ಹತ್ತಿಯಿಂದ ಒರೆಸಿ, ಕಡ್ಡಿ ಒಳಗೆ ತೂರಿಸಬೇಡಿ.

ಉಗುರು ಕತ್ತರಿಸಲು ಬಹಳ ಜನ ಹೆದರುತ್ತಾರೆ. ಬಿಳಿ ಉಗುರಾದರೆ ಒಳಗಿನ ರಕ್ತನಾಳ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಕಾಣುವುದಿಲ್ಲ, ಹಾಗಾಗಿ ಅಕ್ಕಿಕಾಳಿನ ದಪ್ಪಕ್ಕಿಂತ ಹೆಚ್ಚು ಒಮ್ಮೆಲೇ ತೆಗೆಯಬೇಡಿ. ಕತ್ತರಿಸಿದ ಮುಖದ ನಡುವೆ ಗಾಢವಾದ ಚುಕ್ಕೆ ಕಂಡಿತೋ, ಅಲ್ಲಿಗೆ ನಿಲ್ಲಿಸಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಮುಂಗಾಲಿನ ಒಳಬದಿ ಮೇಲಿರುವ ಉಗುರು ನೆಲಕ್ಕೆ ತಾಗಿ ಸವೆಯುವುದಿಲ್ಲ; ಮರೆತರೆ ಸುತ್ತಿ ಬೆಳೆದು ಚರ್ಮಕ್ಕೇ ಚುಚ್ಚುತ್ತದೆ.

ಬರೀ ನೆಲದ ಮೇಲೆ ಮಲಗುವುದರಿಂದ ಮೊಣಕೈ ಕೂದಲು ಉದುರಿ ಚರ್ಮ ಗಡಸಾಗುತ್ತದೆ. ನಾವು ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದೇವೆ. ಗಡಸಾದಲ್ಲಿ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಬಹುದು, ಬಿರುಕು ಬಿಟ್ಟು ಊದಿಕೊಂಡರೆ ಡಾಕ್ಟರಿಗೆ ತೋರಿಸಿ. ಗಾಯ ಹೊಲಿಯಲೋ ಹಲ್ಲು ಸ್ವಚ್ಛ ಮಾಡಲೋ ಅರಿವಳಿಕೆ ಕೊಡುವ ಸಂದರ್ಭ ಬಂದರೆ, ಇದು ಮುಧೋಳ ತಳಿ ಎಂದು ಅವರಿಗೆ ಮೊದಲೇ ಹೇಳಿ. ತೆಳುಮೈಯ ಬೇಟೆನಾಯಿಗಳಿಗೆ ಕೆಲವು ಅರಿವಳಿಕೆಗಳ ಅಮಲು ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ.