ಹಿಂದಿನ ಸ್ಪೀಕರ್ ಯಾಕೆ ಬಾಯಿ ಬಿಡ್ತಿಲ್ಲ?

ಹೊಸ ಗೇಮ್ ಕನ್ಸೋಲ್ ಬಂತು, 5.1 ಸೌಂಡ್‌ಬಾರೂ ಬಂತು. ಆಟ ಶುರುವಾದ ಅರ್ಧ ಗಂಟೆಗೆ ದೂರು ಬರುತ್ತದೆ: ‘ಹಿಂದಿನ ಸ್ಪೀಕರ್‌ನಲ್ಲಿ ಏನೂ ಬರ್ತಿಲ್ಲ.’ ಆಮೇಲೆ ಎಲ್ಲರೂ ಮಾಡುವುದು ಒಂದೇ ಕೆಲಸ. ವೈರ್ ಕಿತ್ತು ಮತ್ತೆ ಚುಚ್ಚುತ್ತಾರೆ, ದುಬಾರಿ ಕೇಬಲ್ ತರುತ್ತಾರೆ, ಕೊನೆಗೆ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಸ್ಪೀಕರ್ ಕೆಟ್ಟಿರುವುದು ತೀರಾ ಅಪರೂಪ. ಆಟ ಕಳಿಸಿದ ಆರು ಚಾನೆಲ್ ಸದ್ದು (5.1 ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್; ಒಂದೊಂದಕ್ಕೂ ಒಂದು ಚಾನೆಲ್) ದಾರಿಯಲ್ಲಿ ಎಲ್ಲೋ ಎರಡಕ್ಕೆ ಇಳಿದಿರುತ್ತದೆ. ಎಲ್ಲಿ ಇಳಿಯಿತು ಅಂತ ಹುಡುಕಬೇಕು, ಅಷ್ಟೇ.

ಹೆಜ್ಜೆ 1: ತೊಂದರೆ ನಿಜಾನಾ ನೋಡಿ

ಸೌಂಡ್‌ಬಾರ್ ಅಥವಾ ರಿಸೀವರ್‌ನ (ಸ್ಪೀಕರ್‌ಗಳಿಗೆ ಸದ್ದು ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ) ಸ್ಪೀಕರ್ ಟೆಸ್ಟ್ ಓಡಿಸಿ. ಅದರಲ್ಲಿ ಹಿಂದಿನ ಸ್ಪೀಕರ್ ಸದ್ದು ಮಾಡಿದರೆ ವೈರಿನ ವಿಚಾರ ಅಲ್ಲಿಗೆ ಮುಗಿಯಿತು. ವೈರ್‌ಲೆಸ್ ಸ್ಪೀಕರ್ ಆಗಿದ್ದರೆ ಜೋಡಣೆಯ ದೀಪ ಹತ್ತಿದೆಯೇ ನೋಡಿ.

ಆಮೇಲೆ ‘ಆಲ್ ಚಾನೆಲ್ ಸ್ಟೀರಿಯೊ’ ಥರದ ಮೋಡ್ ಯಾವುದಿದ್ದರೂ ಆಫ್ ಮಾಡಿ. ಈ ಮೋಡ್‌ಗಳು ಎರಡು ಚಾನೆಲ್ಲನ್ನೇ ಎಲ್ಲ ಸ್ಪೀಕರ್‌ಗೂ ಹಂಚುತ್ತವೆ. ಕೋಣೆ ತುಂಬ ಸದ್ದು ಬರುತ್ತೆ, ಸರೌಂಡ್ ಬಂದುಬಿಡ್ತು ಅಂತ ಮನೆಯವರೆಲ್ಲ ಖುಷಿಪಡುತ್ತಾರೆ. ಅದು ಸರೌಂಡ್ ಅಲ್ಲ.

ಪರೀಕ್ಷೆಗೆ ಯೂಟ್ಯೂಬಿನ ‘5.1 ಟೆಸ್ಟ್’ ವಿಡಿಯೋ ನಂಬಬೇಡಿ. ಬ್ರೌಸರಿನಲ್ಲಿ ಅವು ಸಾಮಾನ್ಯವಾಗಿ ಎರಡೇ ಚಾನೆಲ್‌ನಲ್ಲಿ ಓಡುತ್ತವೆ. ಆಟವನ್ನೇ ಬಳಸಿ. ಜಲಪಾತ, ರೇಡಿಯೊ, ಓಡುತ್ತಿರುವ ಎಂಜಿನ್, ಯಾವುದಾದರೂ ಒಂದರ ಪಕ್ಕ ಪಾತ್ರವನ್ನು ನಿಲ್ಲಿಸಿ. ಬಲಗೈ ಸ್ಟಿಕ್ ಹಿಡಿದು ಕ್ಯಾಮೆರಾವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ನೀರಿನ ಸದ್ದು ಮುಂದಿನಿಂದ ಪಕ್ಕಕ್ಕೆ ಸರಿದು ನಿಮ್ಮ ಬೆನ್ನ ಹಿಂದೆ ಹೋಗಬೇಕು. ಬೆನ್ನ ಹಿಂದೆ ಹೋಗಬೇಕಾದಾಗ ಅದು ಮತ್ತೆ ಟಿವಿಯ ಕಡೆಯಿಂದಲೇ ಕೇಳಿದರೆ ನಿಮಗೆ ಬರುತ್ತಿರುವುದು ಸ್ಟೀರಿಯೊ.

ಹೆಜ್ಜೆ 2: ನಡುವೆ ಕೂತಿರುವ ಟಿವಿ

ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಎಚ್‌ಡಿಎಂಐ ಕೇಬಲ್ ಚುಚ್ಚಿದ ಕೂಡಲೇ ಕನ್ಸೋಲ್ ಆ ಕಡೆಯ ಪೆಟ್ಟಿಗೆಯನ್ನು ‘ನಿನಗೆ ಯಾವ ಯಾವ ಆಡಿಯೊ ನಡೆಯುತ್ತೆ?’ ಎಂದು ಕೇಳುತ್ತದೆ. ಆ ಉತ್ತರಕ್ಕೆ ಇಡಿಐಡಿ ಅಂತ ಹೆಸರು. ಆ ಕಡೆ ಇರುವುದು ಟಿವಿ ಆದರೆ, ಅದು ತನ್ನ ಎರಡು ಸ್ಪೀಕರ್ ನೋಡಿಕೊಂಡು ‘ಸ್ಟೀರಿಯೊ ಸಾಕು’ ಅಂದುಬಿಡಬಹುದು. ಕನ್ಸೋಲ್ ಪಾಪ, ಎರಡೇ ಚಾನೆಲ್ ಕಳಿಸುತ್ತದೆ. ಟಿವಿಯ ಹಿಂದೆ ಲಕ್ಷ ರೂಪಾಯಿಯ ಸ್ಪೀಕರ್ ಇರುವುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಅದಕ್ಕೇ ನನ್ನ ಮಾತು ಖಡಾಖಂಡಿತ: ರಿಸೀವರ್ ಅಥವಾ ಸೌಂಡ್‌ಬಾರ್‌ನಲ್ಲಿ ‘ಎಚ್‌ಡಿಎಂಐ ಇನ್’ ಇದ್ದರೆ ಕನ್ಸೋಲನ್ನು ನೇರ ಅಲ್ಲಿಗೇ ಚುಚ್ಚಿ, ಅಲ್ಲಿಂದ ಟಿವಿಗೆ ಚಿತ್ರ ಕಳಿಸಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತೆ. ಒಂದೇ ಎಚ್ಚರಿಕೆ ಇದೆ. ಹಳೆಯ ರಿಸೀವರ್ ಆದರೆ 4ಕೆ 120 ಹರ್ಟ್ಜ್ ಚಿತ್ರ ಅದರ ಮೂಲಕ ದಾಟುವುದಿಲ್ಲ.

‘ಇನ್’ ಇಲ್ಲದಿದ್ದರೆ ಟಿವಿಯ ಮೂಲಕವೇ ಹೋಗಬೇಕು. ಆಗ ದಾರಿ ಎರಡು, ಆಪ್ಟಿಕಲ್ (ಬೆಳಕಿನ ಮೂಲಕ ಸದ್ದು ಒಯ್ಯುವ ಕೇಬಲ್) ಇಲ್ಲವೇ ಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಸೌಂಡ್‌ಬಾರ್‌ಗೆ ವಾಪಸ್ ಕಳಿಸುವ ದಾರಿ). ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಎರಡು ಚಾನೆಲ್ ಪಿಸಿಎಂ (ಒತ್ತದೆ ಹಾಗೇ ಬಿಟ್ಟ ಸದ್ದು), ಅಥವಾ ಒತ್ತಿ ಚಿಕ್ಕದು ಮಾಡಿದ 5.1 ಡಾಲ್ಬಿ ಡಿಜಿಟಲ್, ಡಿಟಿಎಸ್ ಮಾತ್ರ. ಆರು ಚಾನೆಲ್ ಪಿಸಿಎಂ ಅದರಲ್ಲಿ ಹೋಗಲಿ ಅನ್ನುವುದು ಅರ್ಧ ಇಂಚಿನ ಪೈಪಿನಲ್ಲಿ ಬೋರ್‌ವೆಲ್ ನೀರೆಲ್ಲ ಬರಲಿ ಅಂದ ಹಾಗೆ. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂದ ಎಆರ್‌ಸಿಗೂ ಆರು ಚಾನೆಲ್ ಪಿಸಿಎಂ ಒಗ್ಗುವುದಿಲ್ಲ. ಅದನ್ನು ಹಾಗೇ ದಾಟಿಸಬಲ್ಲದ್ದು ಎಚ್‌ಡಿಎಂಐ 2.1 ತಂದ ಇ-ಎಆರ್‌ಸಿ. ಟಿವಿ ಮತ್ತು ಸೌಂಡ್‌ಬಾರ್ ಎರಡರಲ್ಲೂ ಅದಿರಬೇಕು, ಒಂದರಲ್ಲಿದ್ದರೆ ಪ್ರಯೋಜನವಿಲ್ಲ.

ಈಗ ಟಿವಿಯ ಹಿಂದೆ ಟಾರ್ಚ್ ಬಿಟ್ಟು ನೋಡಿ. ನಾಲ್ಕು ಎಚ್‌ಡಿಎಂಐ ತೂತಿದ್ದರೂ ‘ಎಆರ್‌ಸಿ’ ಅಂತ ಬರೆದಿರುವುದು ಸಾಮಾನ್ಯವಾಗಿ ಒಂದರ ಪಕ್ಕ ಮಾತ್ರ. ಸೌಂಡ್‌ಬಾರ್ ಅದಕ್ಕೇ ಹೋಗಬೇಕು. ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ (ಎಚ್‌ಡಿಎಂಐ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ವ್ಯವಸ್ಥೆ) ಆನ್ ಮಾಡಿ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಅನ್ನುತ್ತೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಕೊನೆಗೆ ‘ಡಿಜಿಟಲ್ ಆಡಿಯೊ ಔಟ್’ ಹುಡುಕಿ. ಅದು ‘ಪಿಸಿಎಂ’ನಲ್ಲಿದ್ದರೆ ಕಳ್ಳ ಸಿಕ್ಕಿದ ಅಂತಲೇ ತಿಳಿಯಿರಿ (ಟಿವಿಯ ಈ ‘ಪಿಸಿಎಂ’ ಅಂದರೆ ಸಾಮಾನ್ಯವಾಗಿ ಎರಡೇ ಚಾನೆಲ್). ‘ಪಾಸ್ ಥ್ರೂ’ ಇದ್ದರೆ ಅದನ್ನೇ ಆರಿಸಿ, ಇಲ್ಲದಿದ್ದರೆ ‘ಆಟೊ’ ಅಥವಾ ‘ಬಿಟ್‌ಸ್ಟ್ರೀಮ್’.

ಇಷ್ಟಾದ ಮೇಲೆ ಎಲ್ಲವನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಮೊದಲು ಟಿವಿ, ಆಮೇಲೆ ಸೌಂಡ್‌ಬಾರ್, ಕೊನೆಗೆ ಕನ್ಸೋಲ್ ಆನ್ ಮಾಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಹಳೆಯ ಮಾತುಕತೆಯೇ ಮುಂದುವರಿಯಬಹುದು.

ಹೆಜ್ಜೆ 3: ಕನ್ಸೋಲ್

ಪಿಎಸ್5ನಲ್ಲಿ ಸೌಂಡ್, ಆಡಿಯೊ ಔಟ್‌ಪುಟ್‌ಗೆ ಹೋಗಿ. ಎಚ್‌ಡಿಎಂಐ ಸಾಧನ ಯಾವುದು ಅಂತ ಕೇಳುವ ಜಾಗದಲ್ಲಿ ‘ಟಿವಿ’ ಬಿಟ್ಟು ಸೌಂಡ್‌ಬಾರ್ ಅಥವಾ ಎವಿ ಆಂಪ್ಲಿಫೈಯರ್ ಆರಿಸಿ. ಎಕ್ಸ್‌ಬಾಕ್ಸ್‌ನಲ್ಲಿ ‘ವಾಲ್ಯೂಮ್ ಅಂಡ್ ಆಡಿಯೊ ಔಟ್‌ಪುಟ್’. ಇ-ಎಆರ್‌ಸಿ ಅಥವಾ ನೇರ ಸಂಪರ್ಕ ಇದ್ದರೆ ಎರಡರಲ್ಲೂ ಪಿಸಿಎಂ 5.1 ಇಡಿ (ಎಕ್ಸ್‌ಬಾಕ್ಸ್‌ನಲ್ಲಿ ಅದರ ಹೆಸರು ‘5.1 ಅನ್‌ಕಂಪ್ರೆಸ್ಡ್’). ಆಪ್ಟಿಕಲ್ ಅಥವಾ ಹಳೆಯ ಎಆರ್‌ಸಿ ಆದರೆ ಡಾಲ್ಬಿ. ಸುಮ್ನೆ ಡಾಲ್ಬಿ ಅನ್ನುವ ಹೆಸರಿಗೆ ಮರುಳಾಗಿ ಅದನ್ನೇ ಇಡಬೇಡಿ. ಆಟದ ಸದ್ದನ್ನು ಡಾಲ್ಬಿಗೆ ಬದಲಾಯಿಸಲು ಒಂದಿಷ್ಟು ಹೊತ್ತು ಹಿಡಿಯುತ್ತೆ. ಗುಂಡು ಹಾರಿದ ಮೇಲೆ ಸದ್ದು ಬರುತ್ತೆ. ಡಿಟಿಎಸ್ ಗೊಡವೆಯೂ ಬೇಡ, ಸ್ಯಾಮ್‌ಸಂಗ್ 2018ರಿಂದಲೇ ತನ್ನ ಟಿವಿಗಳಲ್ಲಿ ಅದನ್ನು ಕೈಬಿಟ್ಟಿದೆ.

ನಿಂಟೆಂಡೊ ಸ್ವಿಚ್ ಇರುವವರಿಗೆ ಬೇಸರದ ಸುದ್ದಿ. ಅದು ಪಿಸಿಎಂನಲ್ಲಿ ಮಾತ್ರ 5.1 ಕೊಡುತ್ತದೆ, ಡಾಲ್ಬಿ ಇಲ್ಲ. ಆಪ್ಟಿಕಲ್‌ನಲ್ಲಿ ಅದರ ಸರೌಂಡ್ ಕೇಳುವ ಆಸೆ ಬಿಟ್ಟುಬಿಡಿ.

ಕನ್ಸೋಲ್ ಮತ್ತು ಟಿವಿಯ ನಡುವೆ ಕೂತು ಎಚ್‌ಡಿಎಂಐನಿಂದ ಆಪ್ಟಿಕಲ್ ತೆಗೆದುಕೊಡುವ ಅಗ್ಗದ ‘ಆಡಿಯೊ ಎಕ್ಸ್‌ಟ್ರಾಕ್ಟರ್’ ಪೆಟ್ಟಿಗೆಗಳು ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಕೊಳ್ಳುವುದಾದರೆ ಪಕ್ಕದಲ್ಲಿ ‘ಪಾಸ್, 2 ಸಿಎಚ್, 5.1 ಸಿಎಚ್’ ಅನ್ನುವ ಪುಟ್ಟ ಸ್ವಿಚ್ ಇರುವುದನ್ನೇ ಕೊಳ್ಳಿ. ಅದನ್ನು 5.1ಕ್ಕೆ ತಳ್ಳಿದರೆ ಟಿವಿಯ ‘ಸ್ಟೀರಿಯೊ ಸಾಕು’ ಉತ್ತರವನ್ನು ಅದು ಮುಚ್ಚಿಹಾಕುತ್ತದೆ. ಕೆಂಪು-ಬಿಳಿ ಎರಡೇ ಪಿನ್ ಮತ್ತು ಬ್ಲೂಟೂತ್ ಇರುವ ‘5.1 ಹೋಮ್ ಥಿಯೇಟರ್’ ಮಾತ್ರ ಮುಟ್ಟಬೇಡಿ. ಆ ಎರಡು ದಾರಿಯಲ್ಲೂ ಒಳಗೆ ಹೋಗುವುದೇ ಸ್ಟೀರಿಯೊ. ಉಳಿದದ್ದು ಪೆಟ್ಟಿಗೆ ಮೇಲಿನ ಬಣ್ಣ.

ಹೆಜ್ಜೆ 4: ಕಂಪ್ಯೂಟರ್

ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಸೌಂಡ್’ ತೆರೆದು, ನಿಮ್ಮ ಸಾಧನ ಆರಿಸಿ, ‘ಕಾನ್ಫಿಗರ್’ ಒತ್ತಿ. ಎಚ್‌ಡಿಎಂಐನಲ್ಲಿದ್ದಾಗ ಪಟ್ಟಿಯಲ್ಲಿ ಬರೀ ‘ಸ್ಟೀರಿಯೊ’ ಕಂಡರೆ ಹೆಜ್ಜೆ 2ಕ್ಕೆ ವಾಪಸ್, ಇಲ್ಲೂ ಟಿವಿಯದೇ ಕಿತಾಪತಿ. 5.1 ಕಂಡರೆ ಆರಿಸಿ, ಪ್ರತಿ ಸ್ಪೀಕರಿನ ಚಿತ್ರದ ಮೇಲೆ ಕ್ಲಿಕ್ ಮಾಡಿ ಕೇಳಿ. ಆಟ ತೆರೆದಿದ್ದರೆ ಮುಚ್ಚಿ ಮತ್ತೆ ತೆರೆಯಿರಿ. ಎಷ್ಟೋ ಆಟಗಳು ಶುರುವಿನಲ್ಲಿ ಒಮ್ಮೆ ಮಾತ್ರ ಸ್ಪೀಕರ್ ಎಣಿಸುತ್ತವೆ.

ಕಂಪ್ಯೂಟರಿಂದ ಆಪ್ಟಿಕಲ್ ಎಳೆದರೆ ಸಿನಿಮಾದಲ್ಲಿ 5.1 ಬರುತ್ತೆ, ಆಟದಲ್ಲಿ ಬರಲ್ಲ. ಆಟದ ಸದ್ದನ್ನು ಆಗಿಂದಾಗಲೇ 5.1 ಆಗಿ ಒತ್ತಿ ಕಳಿಸುವ ಡಾಲ್ಬಿ ಡಿಜಿಟಲ್ ಲೈವ್‌ನಂಥ ಸೌಲಭ್ಯ ಇರುವ ಸೌಂಡ್ ಕಾರ್ಡ್ ಆದರೆ ಮಾತ್ರ ಆಟದ್ದೂ ಬರುತ್ತೆ. ನನ್ನನ್ನು ಕೇಳಿದರೆ ಅದಕ್ಕೆ ದುಡ್ಡು ಹಾಕುವುದಕ್ಕಿಂತ ಎಚ್‌ಡಿಎಂಐ ಒಳ್ಳೆಯದು.

ಇನ್ನೊಂದು ದೂರು: ಹಿನ್ನೆಲೆ ಸಂಗೀತ ಜೋರಾಗಿದೆ, ಪಾತ್ರಗಳ ಮಾತು ಮಾತ್ರ ಕೇಳ್ತಿಲ್ಲ. ಇರುವುದು ಎರಡೇ ಸ್ಪೀಕರ್, ಸೆಟ್ಟಿಂಗ್ 5.1ರಲ್ಲಿದೆ ಅಂತ ಅರ್ಥ. ಮಾತೆಲ್ಲ ಇಲ್ಲದ ಸೆಂಟರ್ ಸ್ಪೀಕರ್‌ಗೆ ಹೋಗುತ್ತಿದೆ. ‘ಸ್ಟೀರಿಯೊ’ಗೆ ಇಳಿಸಿ.

ಮೂರು ಪಿನ್ನಿನ ಹಳೆಯ 5.1 ಸೆಟ್ ಆದರೆ ಹಸಿರು ಮುಂದಿನದಕ್ಕೆ, ಕಪ್ಪು ಹಿಂದಿನದಕ್ಕೆ, ಕಿತ್ತಳೆ ಸೆಂಟರ್ ಮತ್ತು ಸಬ್‌ವೂಫರ್‌ಗೆ. ಎಲ್ಲ ಸರಿಯಾಗಿ ಚುಚ್ಚಿಯೂ ಮಾತು ಸಬ್‌ವೂಫರಿಂದ ಗುಂಯ್ ಅಂತ ಬಂದರೆ ವೈರ್ ಕೀಳಬೇಡಿ. ಕಂಪ್ಯೂಟರಿನಲ್ಲಿ ರಿಯಲ್‌ಟೆಕ್ ಆಡಿಯೊ ಮ್ಯಾನೇಜರ್ (ಸೌಂಡ್ ಚಿಪ್‌ನ ಸೆಟ್ಟಿಂಗ್ಸ್ ತಂತ್ರಾಂಶ) ಇದ್ದರೆ ಅದರಲ್ಲಿ ಸೆಂಟರ್-ಸಬ್‌ವೂಫರ್ ಅದಲುಬದಲು ಮಾಡುವ ಟಿಕ್ ಇರುತ್ತೆ, ಅದನ್ನು ಹಾಕಿ.